ಬೆಲೆ ಯಾಕೆ ಇಳಿಯಿತು? ರಿಯಾಯಿತಿ ಸಾಮಾನಿನ ಬಗ್ಗೆ ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯದ್ದು. ಅಂಗಡಿಯಲ್ಲಿ ಬೆಲೆ ಇಳಿಸಿ ಸ್ಟಿಕರ್ ಅಂಟಿಸಿದ ಸಾಮಾನು ಕೊಂಡರೆ ನಿಜವಾಗಿ ದುಡ್ಡು ಉಳಿಯುತ್ತದೆಯೇ, ಯಾವುದನ್ನು ಕೊಳ್ಳಬಹುದು, ಯಾವುದನ್ನು ಬಿಡಬೇಕು? ಪ್ರಶ್ನೆಗಳನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇವೆ. ಯಾವ ಸಾಮಾನೇ ಆಗಲಿ, ಎಷ್ಟು ಇಳಿಸಿದ್ದಾರೆ ಎಂದು ನೋಡುವ ಮೊದಲು ಯಾಕೆ ಇಳಿಸಿದ್ದಾರೆ ಎಂದು ನೋಡಿ. ತಾರೀಖು ಹತ್ತಿರ ಬಂದಿರಬಹುದು, ಹೊಸ ಮಾಡೆಲ್ ಬಂದಿರಬಹುದು, ಪೆಟ್ಟಿಗೆ ಹರಿದಿರಬಹುದು, ಸೀಸನ್ ಮುಗಿದಿರಬಹುದು, ಸಾಮಾನಿನಲ್ಲೇ ದೋಷವಿರಬಹುದು. ಕೊಳ್ಳುವುದೋ ಬಿಡುವುದೋ ಎಂಬುದು ಆ ಕಾರಣದ ಮೇಲೆ ನಿಂತಿದೆ.

ಪ್ರಶ್ನೆ: "ಶೇ. 50 + ಶೇ. 20 ರಿಯಾಯಿತಿ" ಎಂಬ ಬೋರ್ಡು ನೋಡಿ ಶೇ. 70 ಎಂದುಕೊಂಡೆವು. ಬಿಲ್ಲಿನಲ್ಲಿ ಅಷ್ಟು ಕಡಿತವಾಗಿರಲಿಲ್ಲ. ಇದು ಮೋಸವಲ್ಲವೇ?

ಉತ್ತರ: ಮೋಸವಲ್ಲ. ಎರಡನೆಯ ರಿಯಾಯಿತಿಯನ್ನು ಮೂಲ ಬೆಲೆಯ ಮೇಲೆ ಲೆಕ್ಕ ಹಾಕುವುದಿಲ್ಲ, ಮೊದಲ ಕಡಿತ ಆದ ಮೇಲೆ ಉಳಿದ ಬೆಲೆಯ ಮೇಲೆ ಹಾಕುತ್ತಾರೆ. 100 ಇದ್ದದ್ದು ಮೊದಲು 50 ಆಗುತ್ತದೆ. ಆ 50ರಲ್ಲಿ ಶೇ. 20 ಎಂದರೆ 10. ಕೊನೆಗೆ ನೀವು ಕೊಡುವುದು 40, ಒಟ್ಟು ಕಡಿತ ಶೇ. 60. ಇದೇ ಲೆಕ್ಕದಲ್ಲಿ 40 + 10 ಎಂದರೆ ಶೇ. 46 ಮಾತ್ರ. "ಎರಡು ಕೊಂಡರೆ ಒಂದು ಉಚಿತ" ಎಂಬುದು ಶೇ. 33ರ ರಿಯಾಯಿತಿ. "ಒಂದು ಕೊಂಡರೆ ಎರಡನೆಯದು ಅರ್ಧ ಬೆಲೆಗೆ" ಎಂಬುದು ಕೇಳಲು ದೊಡ್ಡದು, ಲೆಕ್ಕ ಹಾಕಿದರೆ ಶೇ. 25. ಅದೂ ಎರಡೂ ನಿಮಗೆ ಬೇಕಿದ್ದರೆ ಮಾತ್ರ.

ಇದಕ್ಕಿಂತ ಹೆಚ್ಚು ಜನ ಎಡವುವುದು ತೂಕದ ಲೆಕ್ಕದಲ್ಲಿ. ಸ್ಟಿಕರ್ ಅಂಟಿದ 400 ಗ್ರಾಂ ಪ್ಯಾಕು 84ಕ್ಕೆ ಇದೆ ಎನ್ನಿ. ಪಕ್ಕದಲ್ಲೇ ಸ್ಟಿಕರ್ ಇಲ್ಲದ 1 ಕಿಲೋ ಪ್ಯಾಕು 200ಕ್ಕೆ ಇದೆ. ಮೊದಲನೆಯದು 100 ಗ್ರಾಮಿಗೆ 21 ಬಿತ್ತು, ಎರಡನೆಯದು 20. ರಿಯಾಯಿತಿ ಇಲ್ಲದ್ದೇ ಅಗ್ಗ. ಹಾಗಾಗಿ ಬೆಲೆಯನ್ನು ಯಾವಾಗಲೂ 100 ಗ್ರಾಂ, 1 ಲೀಟರ್, 1 ಮೀಟರ್ ಎಂಬ ಅಳತೆಗೆ ಇಳಿಸಿ ಹೋಲಿಸಿ. ಪ್ಯಾಕಿನ ಗಾತ್ರ ಹಾಗೇ ಕಂಡರೂ ಒಳಗಿನ ತೂಕ ಕಡಿಮೆಯಾಗಿರುವುದೂ ಉಂಟು, ಆದ್ದರಿಂದ ಮುದ್ರಿಸಿದ ನಿವ್ವಳ ತೂಕವನ್ನೇ ಓದಿ.

ಇನ್ನು ಅಡ್ಡಗೆರೆ ಎಳೆದ "ಹಳೆಯ ಬೆಲೆ". ಅದು ನಿಜಕ್ಕೂ ಆ ಬೆಲೆಗೆ ಮಾರಾಟವಾಗಿತ್ತೇ ಎಂಬುದು ಬೋರ್ಡು ನೋಡಿದರೆ ತಿಳಿಯುವುದಿಲ್ಲ. ಐರೋಪ್ಯ ಒಕ್ಕೂಟದಲ್ಲಿ 2022ರ ಮೇ 28ರಿಂದ ಒಂದು ನಿಯಮವಿದೆ. ಬೆಲೆ ಇಳಿಸಿದ್ದೇವೆ ಎಂದು ಹೇಳುವ ವ್ಯಾಪಾರಿ, ಸಾಮಾನ್ಯವಾಗಿ ಅದಕ್ಕೆ ಹಿಂದಿನ ಕನಿಷ್ಠ 30 ದಿನಗಳಲ್ಲಿ ತಾನು ಮಾರಿದ ಅತಿ ಕಡಿಮೆ ಬೆಲೆಯನ್ನೇ "ಹಳೆಯ ಬೆಲೆ" ಎಂದು ತೋರಿಸಬೇಕು. ನೀವಿರುವ ಕಡೆ ಅಂಥ ನಿಯಮ ಇರಲಿ ಬಿಡಲಿ, ಆ 30 ದಿನದ ಅಳತೆ ಒಳ್ಳೆಯದು. ನೀವು ಪದೇ ಪದೇ ಕೊಳ್ಳುವ 20-25 ಸಾಮಾನುಗಳನ್ನು ಫೋನಿನಲ್ಲಿ ಪಟ್ಟಿ ಮಾಡಿ, ಪ್ರತಿಯೊಂದರ ಎದುರು ನೀವು ಕಂಡ ಅತಿ ಕಡಿಮೆ ಬೆಲೆಯನ್ನು, ಕಿಲೋಗೋ ಲೀಟರಿಗೋ ಎಷ್ಟು ಬಿತ್ತು ಎಂಬ ಲೆಕ್ಕದಲ್ಲಿ, ತಾರೀಖಿನ ಸಮೇತ ಬರೆದಿಡಿ. ಎರಡು ತಿಂಗಳಾದರೆ ಯಾವ ಬೋರ್ಡು ನಿಜ, ಯಾವುದು ಬರೀ ಬಣ್ಣ ಎಂದು ಆ ಪಟ್ಟಿಯೇ ಹೇಳುತ್ತದೆ.

ಪ್ರಶ್ನೆ: ತಾರೀಖು ಮುಗಿಯಲು ಒಂದು ದಿನ ಉಳಿದ ತಿನ್ನುವ ಸಾಮಾನು ಅರ್ಧ ಬೆಲೆಗೆ ಸಿಗುತ್ತದೆ. ತಂದರೆ ಮನೆಯಲ್ಲಿ ಯಾರೂ ಮುಟ್ಟುವುದಿಲ್ಲ. ಅವರದು ಸುಮ್ಮನೆ ಭಯವೇ?

ಉತ್ತರ: ಯಾವ ತಾರೀಖು ಎಂಬುದರ ಮೇಲೆ ಹೋಗುತ್ತದೆ. ಪ್ಯಾಕಿನ ಮೇಲಿನ ತಾರೀಖಿನಲ್ಲಿ ಎರಡು ಜಾತಿ. "ಬೆಸ್ಟ್ ಬಿಫೋರ್" ಎಂಬುದು ರುಚಿ, ಗರಿಗರಿ, ಪರಿಮಳದ ಮಾತು. ಆ ದಿನದವರೆಗೆ ಅದು ಹೇಳಿದಷ್ಟು ಚೆನ್ನಾಗಿರುತ್ತದೆ ಎಂದು ತಯಾರಕರ ಭರವಸೆ. ಬಿಸ್ಕತ್ತು, ಪಾಸ್ತಾ, ಜಾಮ್, ಡಬ್ಬಿ ಪದಾರ್ಥ ಇವುಗಳ ಮೇಲೆ ಇರುವುದು ಇದೇ. ದಿನ ದಾಟಿದ ಮಾತ್ರಕ್ಕೆ ಇವು ವಿಷವಾಗುವುದಿಲ್ಲ. ಬಿಸ್ಕತ್ತು ಮೆತ್ತಗಾಗಬಹುದು, ಎಣ್ಣೆ ಹೆಚ್ಚಿರುವ ತಿಂಡಿ ಕಮಟು ಹಿಡಿಯಬಹುದು. ಇಂಥದನ್ನು ಕಣ್ಣು, ಮೂಗು, ನಾಲಿಗೆ ಹೇಳಿಬಿಡುತ್ತವೆ.

"ಯೂಸ್ ಬೈ" ಹಾಗಲ್ಲ. ಅದು ಸುರಕ್ಷತೆಯ ತಾರೀಖು. ಹಸಿ ಮಾಂಸ, ಮೀನು, ಬೇಯಿಸಿ ತಂಪಾಗಿಸಿ ಮಾರುವ ತಿನಿಸು, ಮೆತ್ತನೆಯ ಚೀಸ್ ಇವುಗಳ ಮೇಲೆ ಬರುತ್ತದೆ. ಅದನ್ನು ದಾಟಿದ್ದನ್ನು ತಿನ್ನಬಾರದು, ವಾಸನೆ ಚೆನ್ನಾಗಿದ್ದರೂ ಸರಿಯೇ. ಯಾಕೆಂದರೆ ಆಹಾರವನ್ನು ಹುಳಿಯಾಗಿಸಿ ನಾರಿಸುವ ಸೂಕ್ಷ್ಮಜೀವಿಗಳು ಬೇರೆ, ಕಾಯಿಲೆ ತರುವವು ಬೇರೆ. ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಫ್ರಿಜ್ಜಿನ ತಂಪಿನಲ್ಲೂ ನಿಧಾನವಾಗಿ ಬೆಳೆಯುತ್ತದೆ, ವಾಸನೆಯ ಸುಳಿವು ಕೊಡುವುದಿಲ್ಲ. ಗರ್ಭಿಣಿಯರು, ವಯಸ್ಸಾದವರು, ರೋಗನಿರೋಧಕ ಶಕ್ತಿ ಕುಂದಿದವರು ಇರುವ ಮನೆಯಲ್ಲಿ, ಮತ್ತೆ ಬಿಸಿ ಮಾಡದೆ ಹಾಗೇ ತಿನ್ನುವ ಮೆತ್ತನೆಯ ಚೀಸ್, ಹೊಗೆಯಾಡಿಸಿದ ಮೀನು ಇಂಥವನ್ನು ಸ್ಟಿಕರ್ ನೋಡಿ ತರಲೇಬೇಡಿ. ನಿಮ್ಮ ಮನೆಯವರ ಭಯ ಈ ಮಟ್ಟಿಗೆ ಸರಿಯಾದದ್ದೇ.

ತಾರೀಖು ಸರಿಯಿದ್ದರೂ ಅಂಗಡಿಯಲ್ಲಿ ಇಟ್ಟ ಜಾಗ ನೋಡಿ. ಮೇಲ್ಭಾಗ ತೆರೆದಿರುವ ಕೂಲರಿನ ಒಳಗೋಡೆಯ ಮೇಲೆ ಒಂದು ಗೆರೆ ಇರುತ್ತದೆ, ಅದರಿಂದ ಮೇಲೆ ಸಾಮಾನು ಪೇರಿಸಬಾರದು ಎಂಬ ಗುರುತು. ಸ್ಟಿಕರ್ ಹಾಕಿದ ಪ್ಯಾಕುಗಳು ಕೆಲವೊಮ್ಮೆ ಆ ಗೆರೆಯ ಮೇಲೆ ಕೂತಿರುತ್ತವೆ, ಅಲ್ಲಿ ತಂಪು ಸಾಲದು. ಇದ್ದರೆ ಕೆಳಗಿನದನ್ನು ತೆಗೆದುಕೊಳ್ಳಿ. ಗಾಳಿ ತುಂಬಿ ಉಬ್ಬಿದ ಮಾಂಸದ ಪ್ಯಾಕು ಬೇಡ. ಬಣ್ಣ ಮಾತ್ರ ನಂಬುವಂಥದ್ದಲ್ಲ. ಗಾಳಿ ಹೀರಿ ಪ್ಯಾಕ್ ಮಾಡಿದ ಕೆಂಪು ಮಾಂಸ ನೇರಳೆಯಾಗಿ ಕಾಣುತ್ತದೆ, ಬಿಚ್ಚಿ ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಕೆಂಪಾಗುತ್ತದೆ. ಅದು ಹಾಳಾದ ಲಕ್ಷಣವಲ್ಲ. ಫ್ರೋಜನ್ ಬಟಾಣಿಯ ಚೀಲ ಅಲ್ಲಾಡಿಸಿದಾಗ ಕಾಳು ಬಿಡಿಬಿಡಿಯಾಗಿ ಸದ್ದು ಮಾಡಬೇಕು. ಒಂದೇ ಗಟ್ಟಿಯಾಗಿದ್ದರೆ, ಒಳಗೆ ಮಂಜಿನ ಹರಳು ತುಂಬಿದ್ದರೆ, ಅದು ನಡುವೆ ಎಲ್ಲೋ ಕರಗಿ ಮತ್ತೆ ಗಟ್ಟಿಯಾಗಿದೆ.

ಪ್ರಶ್ನೆ: ಅಗ್ಗಕ್ಕೆ ಸಿಕ್ಕಿತೆಂದು 5 ಕಿಲೋ ಕೋಳಿ ಮಾಂಸ, ನಾಲ್ಕು ಬ್ರೆಡ್ಡು, ಹಾಲು ತಂದು ಫ್ರೀಜರಿನಲ್ಲಿ ತುರುಕಿದೆವು. ಮಾಂಸ ಒಣಗಿ ಬೆಂಡಾಯಿತು, ಒಂದು ಹಾಲಿನ ಬಾಟಲಿ ಸೀಳಿಹೋಯಿತು. ಸರಿಯಾದ ಕ್ರಮ ಯಾವುದು?

ಉತ್ತರ: ಇದಕ್ಕೆ ಸ್ವಲ್ಪ ಉದ್ದವಾಗಿಯೇ ಉತ್ತರಿಸಬೇಕು. ತಿನ್ನುವ ಸಾಮಾನಿನಲ್ಲಿ ಉಳಿತಾಯ ಗಟ್ಟಿಯಾಗುವುದೋ ಕೈಬಿಟ್ಟು ಹೋಗುವುದೋ ಮನೆಗೆ ತಂದ ಮೊದಲ ಒಂದು ಗಂಟೆಯಲ್ಲೇ.

ಮೊದಲು ದಾರಿ. ತಂಪಿನ ಸಾಮಾನನ್ನು ಬುಟ್ಟಿಗೆ ಕೊನೆಯಲ್ಲಿ ಹಾಕಿ. ಕೂಲರಿನಿಂದ ತೆಗೆದಾಗಿನಿಂದ ನಿಮ್ಮ ಫ್ರಿಜ್ಜು ಸೇರುವವರೆಗೆ ಒಟ್ಟು 2 ಗಂಟೆ ಮೀರಬಾರದು. ಹೊರಗಿನ ಬಿಸಿ 32 ಡಿಗ್ರಿ ಸೆಲ್ಸಿಯಸ್ ದಾಟಿದ್ದರೆ 1 ಗಂಟೆ. 5ರಿಂದ 60 ಡಿಗ್ರಿಯ ನಡುವೆ ಬ್ಯಾಕ್ಟೀರಿಯಾ ಬೇಗ ಹೆಚ್ಚುತ್ತವೆ. ನಿಮ್ಮ ಫ್ರಿಜ್ಜು 5 ಡಿಗ್ರಿಗಿಂತ ಕೆಳಗೆ, ಫ್ರೀಜರ್ ಮೈನಸ್ 18ರಲ್ಲಿ ಇದೆಯೇ ಎಂದು ಒಂದು ಥರ್ಮಾಮೀಟರ್ ಇಟ್ಟು ನೋಡಿಬಿಡಿ. ಗುಂಡಿಯ ಮೇಲಿನ 1, 2, 3 ಎಂಬ ಅಂಕಿ ಡಿಗ್ರಿಯಲ್ಲ.

ಫ್ರೀಜರ್ ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ, ನಿಲ್ಲಿಸುತ್ತದೆ ಅಷ್ಟೆ. ಆದ್ದರಿಂದ "ಯೂಸ್ ಬೈ" ದಿನ ಮುಗಿಯುವ ಮೊದಲೇ ಒಳಗೆ ಹೋಗಬೇಕು. ತಂದ ದಿನವೇ ಹಾಕುವುದು ಒಳ್ಳೆಯದು.

5 ಕಿಲೋ ಒಮ್ಮೆಗೇ ತುರುಕಿದ್ದು ತಪ್ಪಾಯಿತು. 100 ಲೀಟರಿನ ಫ್ರೀಜರಿಗೆ ಒಂದು ದಿನಕ್ಕೆ 3ರಿಂದ 4 ಕಿಲೋ ಹೊಸ ಸಾಮಾನು ಸಾಕು. ಫ್ರಿಜ್ಜಿನ ಮೇಲಿನ 50 ಲೀಟರಿನ ಖಾನೆಗೆ ಒಂದೂವರೆಯಿಂದ 2 ಕಿಲೋ. ಅದಕ್ಕಿಂತ ಹೆಚ್ಚಾದರೆ ಎಲ್ಲವೂ ನಿಧಾನವಾಗಿ ಗಟ್ಟಿಯಾಗುತ್ತದೆ. ನಿಧಾನವಾದಷ್ಟೂ ಒಳಗೆ ದೊಡ್ಡ ಮಂಜಿನ ಹರಳು ಕಟ್ಟಿ ಎಳೆಗಳನ್ನು ಸೀಳುತ್ತದೆ, ಕರಗಿಸಿದಾಗ ನೀರೆಲ್ಲ ಸೋರಿ ಮಾಂಸ ನಾರುನಾರಾಗುತ್ತದೆ.

ನೀವು ಹೇಳಿದ ಬೆಂಡು, ಗಾಳಿ ತಾಗಿದ್ದರಿಂದ. ಮೇಲ್ಮೈಯ ತೇವ ಹಾರಿ ಬಿಳಚಿಕೊಳ್ಳುತ್ತದೆ. ತಿಂದರೆ ಅಪಾಯವಿಲ್ಲ, ರುಚಿ ಇರುವುದಿಲ್ಲ, ಆ ಭಾಗವನ್ನು ಕತ್ತರಿಸಿ ತೆಗೆಯಬಹುದು. ಅಂಗಡಿಯ ತಟ್ಟೆ ಮತ್ತು ತೆಳು ಪ್ಲಾಸ್ಟಿಕ್ ಹೊದಿಕೆಯಲ್ಲೇ ಇಟ್ಟರೆ ಇದು ಆಗಿಯೇ ಆಗುತ್ತದೆ. ಬಿಚ್ಚಿ, ಒಂದು ಹೊತ್ತಿಗೆ ಬೇಕಾದಷ್ಟು, ಅರ್ಧ ಕಿಲೋ ಎನ್ನಿ, ಜಿಪ್ ಇರುವ ದಪ್ಪ ಚೀಲಕ್ಕೆ ಹಾಕಿ. ಚೀಲದ ಬಾಯಿ ನೀರಿನಿಂದ ಮೇಲೆ ಇರುವಂತೆ ಹಿಡಿದು ಉಳಿದದ್ದನ್ನು ನಿಧಾನವಾಗಿ ಬಕೆಟ್ಟಿನ ನೀರಿಗೆ ಇಳಿಸಿ. ನೀರಿನ ಒತ್ತಡಕ್ಕೆ ಪ್ಲಾಸ್ಟಿಕ್ಕು ಮಾಂಸಕ್ಕೆ ಅಂಟಿಕೊಂಡು ಗಾಳಿಯೆಲ್ಲ ಬಾಯಿಯಿಂದ ಹೊರಬರುತ್ತದೆ. ಆಗ ಜಿಪ್ ಎಳೆಯಿರಿ. ಅಂಗೈಯಿಂದ ತಟ್ಟಿ 2 ಸೆಂಟಿಮೀಟರ್ ದಪ್ಪಕ್ಕೆ ಹರಡಿ, ತಟ್ಟೆಯ ಮೇಲೆ ಮಲಗಿಸಿ ಗಟ್ಟಿ ಮಾಡಿ. ಆಮೇಲೆ ಪುಸ್ತಕದಂತೆ ನಿಲ್ಲಿಸಿ ಜೋಡಿಸಬಹುದು. ಬೇಗ ಗಟ್ಟಿಯಾಗುತ್ತದೆ, ಬೇಗ ಕರಗುತ್ತದೆ. ಚೀಲದ ಮೇಲೆ ಹೆಸರು, ತೂಕ, ಒಳಗಿಟ್ಟ ತಾರೀಖು ಬರೆಯಿರಿ. ಬರೆಯದ ಚೀಲ ಆರು ತಿಂಗಳಿಗೆ ಯಾರಿಗೂ ಗುರುತು ಸಿಗದ ಮಂಜುಗಡ್ಡೆಯಾಗುತ್ತದೆ.

ರುಚಿ ಕೆಡದೆ ಉಳಿಯುವ ಅವಧಿ ಹೀಗಿದೆ: ಕೋಳಿ ತುಂಡುಗಳು 9 ತಿಂಗಳು, ಕೊಚ್ಚಿದ ಮಾಂಸ 3ರಿಂದ 4 ತಿಂಗಳು, ಕೊಬ್ಬು ಹೆಚ್ಚಿರುವ ಮೀನು 2ರಿಂದ 3 ತಿಂಗಳು, ಕೊಬ್ಬು ಕಡಿಮೆಯಿರುವ ಮೀನು 6ರಿಂದ 8 ತಿಂಗಳು. ಕರಗಿಸುವುದು ಫ್ರಿಜ್ಜಿನ ಒಳಗೇ ಆಗಬೇಕು, ಕೆಳಗೆ ತಟ್ಟೆ ಇಟ್ಟು. ಪೂರ್ತಿ ಕರಗಿದ ಮೇಲೆ 24 ಗಂಟೆಯೊಳಗೆ ಬೇಯಿಸಿ.

ಹಾಲಿನ ಬಾಟಲಿ ಸೀಳಿದ್ದು ನೀರಿನ ಗುಣದಿಂದ. ನೀರು ಮಂಜಾಗುವಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. 1 ಲೀಟರ್ ಬಾಟಲಿಯಾದರೆ ಒಂದು ಲೋಟದಷ್ಟು ತೆಗೆದು ಆಮೇಲೆ ಇಡಬೇಕು. ಗಾಜಿನ ಬಾಟಲಿ ಬೇಡವೇ ಬೇಡ. ಕರಗಿದ ಹಾಲು ಸ್ವಲ್ಪ ಹರಳುಹರಳಾಗಿ ಕಾಣುತ್ತದೆ, ಚೆನ್ನಾಗಿ ಕುಲುಕಿ ಅಡುಗೆಗೆ ಬಳಸಿ. ಮೊಸರು, ಮೆತ್ತನೆಯ ಚೀಸ್ ಒಡೆದುಕೊಳ್ಳುತ್ತವೆ. ಗಟ್ಟಿ ಚೀಸನ್ನು ತುರಿದು ಇಟ್ಟರೆ ಪುಡಿಪುಡಿಯಾದರೂ ಅಡುಗೆಗೆ ಬರುತ್ತದೆ. ಮೊಟ್ಟೆಯನ್ನು ಓಡಿನ ಸಮೇತ ಇಡಬೇಡಿ, ಒಡೆದು ಕಲಕಿ ಇಡಬಹುದು.

ಬ್ರೆಡ್ಡಿನ ವಿಷಯದಲ್ಲಿ ತುಂಬ ಜನ ಮಾಡುವ ತಪ್ಪು, ಫ್ರಿಜ್ಜಿನಲ್ಲಿ ಇಡುವುದು. ಗಂಜಿಯ ಅಂಶ ಫ್ರಿಜ್ಜಿನ ತಂಪಿನಲ್ಲಿ ಹೊರಗಿಗಿಂತ ಬೇಗ ಬಿರುಸಾಗುತ್ತದೆ. ಹೊರಗೆ ಎರಡು ದಿನಕ್ಕೆ ಸಾಕಾಗುವಷ್ಟು ಇಟ್ಟು ಉಳಿದದ್ದನ್ನು ನೇರ ಫ್ರೀಜರಿಗೆ ಹಾಕಿ, ಕತ್ತರಿಸಿದ ಹೋಳುಗಳಾಗಿ. ಬೇಕಾದಾಗ ಹೋಳನ್ನು ಹಾಗೇ ಟೋಸ್ಟ್ ಮಾಡಬಹುದು. 3 ತಿಂಗಳು ಚೆನ್ನಾಗಿರುತ್ತದೆ.

ಅಗ್ಗಕ್ಕೆ ಸಿಕ್ಕ ತರಕಾರಿಯನ್ನು ಹಸಿಯಾಗಿ ಹಾಗೇ ಇಟ್ಟರೆ ಒಳಗಿನ ಕಿಣ್ವಗಳು ಕೆಲಸ ನಿಲ್ಲಿಸುವುದಿಲ್ಲ, ಬಣ್ಣ ರುಚಿ ಎರಡೂ ಹೋಗುತ್ತವೆ. ಅರ್ಧ ಕಿಲೋಗೆ 4 ಲೀಟರ್ ಕುದಿಯುವ ನೀರಿನಲ್ಲಿ ಬೀನ್ಸ್ 3 ನಿಮಿಷ, ಬಟಾಣಿ ಒಂದೂವರೆ ನಿಮಿಷ, ಸೊಪ್ಪು 2 ನಿಮಿಷ ಅದ್ದಿ, ಅಷ್ಟೇ ಹೊತ್ತು ಮಂಜಿನ ನೀರಿನಲ್ಲಿ ಮುಳುಗಿಸಿ, ನೀರು ಚೆನ್ನಾಗಿ ಬಸಿದು ಚೀಲಕ್ಕೆ ಹಾಕಿ.

ಪ್ರಶ್ನೆ: ನೆಗ್ಗಿದ ಡಬ್ಬಿಗಳನ್ನು ಬುಟ್ಟಿಯಲ್ಲಿ ಹಾಕಿ ತೀರಾ ಕಡಿಮೆಗೆ ಮಾರುತ್ತಾರೆ. ಕೊಳ್ಳಬಹುದೇ?

ಉತ್ತರ: ಹೊಟ್ಟೆಯ ಭಾಗದಲ್ಲಿ ಸಣ್ಣಗೆ, ಚೂಪಿಲ್ಲದೆ ನೆಗ್ಗಿದ್ದರೆ ಕೊಳ್ಳಬಹುದು. ಮೇಲಿನ ಅಥವಾ ಕೆಳಗಿನ ಅಂಚಿನಲ್ಲಿ, ಪಕ್ಕದ ಬೆಸುಗೆಯ ಗೆರೆಯ ಮೇಲೆ ನೆಗ್ಗಿದ್ದರೆ ಬೇಡ. ಆ ಜೋಡಣೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಸಾಕು, ಬ್ಯಾಕ್ಟೀರಿಯಾ ಒಳಗೆ ಹೋಗುತ್ತವೆ. ಬೆರಳು ಕೂರುವಷ್ಟು ಆಳದ ನೆಗ್ಗು, ಒರೆಸಿದರೆ ಹೋಗದ ತುಕ್ಕು, ಜಿಗುಟು ಸೋರಿಕೆ ಇದ್ದರೂ ಬಿಡಿ. ಉಬ್ಬಿದ ಡಬ್ಬಿಯನ್ನು ಪುಕ್ಕಟೆ ಕೊಟ್ಟರೂ ಬೇಡ. ಬೊಟುಲಿನಮ್ ಬ್ಯಾಕ್ಟೀರಿಯಾ ಬಿಡುವ ವಿಷ ಜೀವಕ್ಕೇ ಎರವಾಗುವಂಥದ್ದು, ರುಚಿ ನೋಡಿ ಪರೀಕ್ಷೆ ಮಾಡುವ ವಿಷಯವಲ್ಲ ಅದು.

ಪ್ರಶ್ನೆ: ದಿನದಲ್ಲಿ ಯಾವ ಹೊತ್ತಿಗೆ ಹೋದರೆ ಸ್ಟಿಕರ್ ಸಾಮಾನು ಸಿಗುತ್ತದೆ? ಇನ್ನೂ ಇಳಿಯಲಿ ಎಂದು ಕಾದರೆ ಖಾಲಿಯಾಗುತ್ತದೆ, ಕೊಂಡರೆ ಮರುದಿನ ಇನ್ನೂ ಕಡಿಮೆಯಾಗಿರುತ್ತದೆ.

ಉತ್ತರ: ಎಲ್ಲ ಅಂಗಡಿಗೂ ಒಂದೇ ವೇಳೆ ಇಲ್ಲ, ಆದರೆ ಒಂದು ಅಂಗಡಿಗೆ ಒಂದು ಪದ್ಧತಿ ಇದ್ದೇ ಇರುತ್ತದೆ. ಆಯಾ ವಿಭಾಗದಲ್ಲಿ ಸಾಮಾನು ಜೋಡಿಸುವವರನ್ನೇ ಕೇಳಿ, "ಇಲ್ಲಿ ಬೆಲೆ ಇಳಿಸೋದು ಎಷ್ಟು ಹೊತ್ತಿಗೆ?" ಎಂದು. ಬಹಳಷ್ಟು ಮಂದಿ ನೇರವಾಗಿ ಹೇಳುತ್ತಾರೆ. ಅದೇ ದಿನ ಬೇಯಿಸಿದ ಬ್ರೆಡ್ಡು, ತಿನಿಸು ಮುಚ್ಚುವ ಹೊತ್ತು ಹತ್ತಿರವಾದಂತೆ ಇಳಿಯುತ್ತದೆ. ಬಟ್ಟೆ, ಉಪಕರಣಗಳಲ್ಲಿ ಸೀಸನ್ ಮುಗಿದಾಗ, ಹೊಸ ಮಾಡೆಲ್ ಕಪಾಟಿಗೆ ಬಂದಾಗ.

ಕಾಯುವುದರ ಲೆಕ್ಕ ಹೇಳುತ್ತೇವೆ. 100ರ ಸಾಮಾನು ಈಗ 70ಕ್ಕೆ ಇದೆ, ಕಾದರೆ 50 ಆಗಬಹುದು, ಕಳೆದುಕೊಂಡರೆ ಬೇರೆ ಕಡೆ 100 ಕೊಟ್ಟೇ ಕೊಳ್ಳಬೇಕು. ಕಾದರೆ 20 ಲಾಭ, ತಪ್ಪಿಹೋದರೆ 30 ನಷ್ಟ. ಹಾಗಾಗಿ ಅದು ಉಳಿದಿರುವ ಸಾಧ್ಯತೆ 10ಕ್ಕೆ 6ಕ್ಕಿಂತ ಹೆಚ್ಚಿದ್ದರೆ ಮಾತ್ರ ಕಾಯುವುದು ಲಾಭ. ನಿಮ್ಮ ಅಳತೆಯ ಚಪ್ಪಲಿ ಒಂದೇ ಜೊತೆ ಉಳಿದಿದ್ದರೆ ಈಗಲೇ ಕೊಳ್ಳಿ. ಕಪಾಟಿನಲ್ಲಿ 30 ಇದ್ದರೆ ಕಾಯಿರಿ. ಇಲ್ಲದಿದ್ದರೂ ನಡೆಯುತ್ತದೆ ಎನ್ನುವ ಸಾಮಾನಾದರೆ ಎಷ್ಟು ಬೇಕಾದರೂ ಕಾಯಬಹುದು, ಕಳೆದುಕೊಳ್ಳುವುದೇನೂ ಇಲ್ಲ.

ಪ್ರಶ್ನೆ: ಅಂಗಡಿಯಲ್ಲಿ ಪ್ರದರ್ಶನಕ್ಕೆ ಇಟ್ಟ ಟಿವಿ, ಫ್ರಿಜ್ಜು, ವಾಷಿಂಗ್ ಮೆಷಿನ್ ಶೇ. 30-40 ಕಡಿಮೆಗೆ ಸಿಗುತ್ತಿದೆ. ಏನು ನೋಡಬೇಕು?

ಉತ್ತರ: ಮೂರಕ್ಕೂ ಬೇರೆ ಬೇರೆ ಪರೀಕ್ಷೆ. ಡಿಸ್‌ಪ್ಲೇ ಟಿವಿ ದಿನವಿಡೀ ಪೂರ್ತಿ ಬೆಳಕಿನಲ್ಲಿ ಉರಿದಿರುತ್ತದೆ. ಅದರಲ್ಲೂ ಓಎಲ್‌ಇಡಿ ಪರದೆಯಲ್ಲಿ ಒಂದೇ ಚಿತ್ರ ತುಂಬ ಹೊತ್ತು ನಿಂತರೆ ಅದರ ಅಚ್ಚು ಶಾಶ್ವತವಾಗಿ ಉಳಿಯುತ್ತದೆ. ಪೆನ್ ಡ್ರೈವಿನಲ್ಲಿ ಪೂರ್ತಿ ಬಿಳಿ, ಬೂದು, ಕೆಂಪು, ಹಸಿರು, ನೀಲಿ ಚಿತ್ರಗಳನ್ನು ಒಯ್ದು ಒಂದೊಂದಾಗಿ ಹಾಕಿಸಿ. ಬೂದು ಮತ್ತು ಕೆಂಪಿನಲ್ಲಿ ಮೂಲೆಗಳನ್ನು ದಿಟ್ಟಿಸಿ, ಚಾನೆಲ್ ಗುರುತಿನ ನೆರಳು ಇದ್ದರೆ ಅಲ್ಲಿ ಕಾಣುತ್ತದೆ. ರಿಮೋಟ್, ಸ್ಟ್ಯಾಂಡು, ಅದರ ಸ್ಕ್ರೂ ಎಲ್ಲ ಇವೆಯೇ ಎಣಿಸಿ.

ಫ್ರಿಜ್ಜಿನ ಪಕ್ಕದಲ್ಲಿ ಗೀರು, ಸಣ್ಣ ನೆಗ್ಗು ಇದ್ದರೆ ಚಿಂತೆಯಿಲ್ಲ, ಗೋಡೆಯ ಕಡೆ ತಿರುಗಿಸಿ ಇಟ್ಟರಾಯಿತು. ಹಿಂಬದಿಯ ಕೊಳವೆ ಬಗ್ಗಿದ್ದರೆ ಬೇಡ. ಬಾಗಿಲಿನ ರಬ್ಬರಿಗೆ ಕಾಗದದ ಪಟ್ಟಿ ಸಿಕ್ಕಿಸಿ ಬಾಗಿಲು ಮುಚ್ಚಿ ಎಳೆಯಿರಿ, ಸುತ್ತಲೂ ಎಂಟು ಹತ್ತು ಕಡೆ. ಎಲ್ಲ ಕಡೆ ಬಿಗಿಯಾಗಿ ಹಿಡಿಯಬೇಕು. ಸಲೀಸಾಗಿ ಜಾರಿ ಬಂದ ಕಡೆ ತಂಪು ಸೋರುತ್ತದೆ, ಅದು ಕರೆಂಟ್ ಬಿಲ್ಲಿನಲ್ಲಿ ಬರುತ್ತದೆ.

ಮುಂದಿನಿಂದ ಬಟ್ಟೆ ಹಾಕುವ ವಾಷಿಂಗ್ ಮೆಷಿನ್ ಆದರೆ ಸಾಗಣೆಯ ಬೋಲ್ಟುಗಳನ್ನು ಕೇಳಿ. ಕಾರ್ಖಾನೆಯಿಂದ ಬರುವಾಗ ಒಳಗಿನ ಡ್ರಮ್ ಅಲ್ಲಾಡದಂತೆ ಹಿಂಬದಿಯಿಂದ ಉದ್ದ ಬೋಲ್ಟು ಬಿಗಿದಿರುತ್ತಾರೆ. ಪ್ರದರ್ಶನದ ಮೆಷಿನ್ನಿನಲ್ಲಿ ಅವನ್ನು ಬಿಚ್ಚಿ ಎಲ್ಲೋ ಹಾಕಿರುವುದುಂಟು. ಅವಿಲ್ಲದೆ ಗಾಡಿಯಲ್ಲಿ ಸಾಗಿಸಿದರೆ ಡ್ರಮ್ ಬಡಿದಾಡಿ ಅದನ್ನು ಹಿಡಿದ ಸ್ಪ್ರಿಂಗು, ಡ್ಯಾಂಪರ್ ಹಾಳಾಗುತ್ತವೆ. ಬೋಲ್ಟು ಹಾಕಿಸಿಯೇ ಗಾಡಿ ಏರಿಸಿ. ಮನೆಯಲ್ಲಿ ಮೆಷಿನ್ ಓಡಿಸುವ ಮೊದಲು ಅವನ್ನು ಬಿಚ್ಚಲು ಮರೆಯಬೇಡಿ.

ಮೂರಕ್ಕೂ ಸೇರಿ ಒಂದು ಮಾತು. ವಾರಂಟಿ ಬಿಲ್ಲಿನ ದಿನದಿಂದ ಶುರುವೋ ಅಥವಾ ಪ್ರದರ್ಶನಕ್ಕೆ ಇಟ್ಟಂದಿನಿಂದಲೇ ಶುರುವಾಗಿಬಿಟ್ಟಿದೆಯೋ ಎಂದು ಬಿಲ್ಲಿನ ಮೇಲೆ ಬರೆಸಿಕೊಳ್ಳಿ, ಸೀರಿಯಲ್ ನಂಬರ್ ಸಮೇತ. "ರೀಫರ್ಬಿಶ್ಡ್" ಎಂದಿದ್ದರೆ ಸರಿಪಡಿಸಿದ್ದು ತಯಾರಕರೋ ಅಂಗಡಿಯವರೋ ಎಂದು ಕೇಳಿ, ವಾರಂಟಿಯ ಬೆಲೆ ಅದರ ಮೇಲೆ ನಿಂತಿದೆ.

ಪ್ರಶ್ನೆ: ಹಳೆಯ ಸ್ಟಾಕಿನ ಹೊಸ ಶೂ ಅರ್ಧ ಬೆಲೆಗೆ ತಂದೆವು. ಎರಡನೇ ದಿನ ಅಟ್ಟೆ ಪುಡಿಪುಡಿಯಾಗಿ ಉದುರಿತು. ಒಂದು ದಿನವೂ ಬಳಸದ ಶೂ ಹೀಗಾಗುವುದು ಹೇಗೆ?

ಉತ್ತರ: ಬಳಸದೇ ಇದ್ದದ್ದರಿಂದಲೇ ಯಾರಿಗೂ ತಿಳಿಯಲಿಲ್ಲ. ಅನೇಕ ಶೂಗಳ ನಡು ಅಟ್ಟೆ ಪಾಲಿಯುರೆಥೇನ್ ನೊರೆಯದು. ಅದು ಗಾಳಿಯ ತೇವ ಹೀರಿಕೊಂಡು ವರ್ಷಗಳಲ್ಲಿ ತಾನಾಗಿಯೇ ಶಿಥಿಲವಾಗುತ್ತದೆ, ಮುಚ್ಚಿದ ಪೆಟ್ಟಿಗೆಯಲ್ಲಿದ್ದರೂ. ನೋಡಲು ಹೊಸದೇ. ಕೊಳ್ಳುವ ಮೊದಲು ನಾಲಿಗೆಯ ಒಳಗಿನ ಚೀಟಿಯಲ್ಲೋ ಪೆಟ್ಟಿಗೆಯ ಮೇಲೋ ತಯಾರಾದ ತಾರೀಖು ಹುಡುಕಿ. ಹೆಬ್ಬೆರಳಿನಿಂದ ಅಟ್ಟೆಯ ಪಕ್ಕವನ್ನು ಬಲವಾಗಿ ಒತ್ತಿ, ಒತ್ತಿದ್ದು ಮತ್ತೆ ಉಬ್ಬಬೇಕು. ಜಿಗುಟಾಗಿದ್ದರೆ, ಸಣ್ಣ ಬಿರುಕು ಕಂಡರೆ ಬಿಡಿ. ಮುಂಗಾಲಿನ ಜಾಗದಲ್ಲಿ ಚೆನ್ನಾಗಿ ಬಗ್ಗಿಸಿಯೂ ನೋಡಿ.

ಕಪಾಟಿನಲ್ಲಿ ಕೂತೇ ಹಳತಾಗುವ ಸಾಮಾನು ಇನ್ನೂ ಇವೆ. ಟೈರಿನ ಪಕ್ಕದಲ್ಲಿ ಡಿಓಟಿ ಎಂದು ಶುರುವಾಗುವ ಸಂಕೇತದ ಕೊನೆಯ ನಾಲ್ಕು ಅಂಕಿ ನೋಡಿ: 2319 ಎಂದರೆ 2019ರ 23ನೇ ವಾರ ತಯಾರಾದದ್ದು. ಸಂದು ಮುಚ್ಚುವ ಸಿಲಿಕೋನ್ ಸೀಲೆಂಟ್ ಅವಧಿ ಮೀರಿದ್ದರೆ ಎಷ್ಟು ದಿನವಾದರೂ ಗಟ್ಟಿಯಾಗದೆ ಅಂಟಂಟಾಗಿ ಉಳಿಯಬಹುದು. ಬಳಸುವ ಹಿಂದಿನ ದಿನ ಕಾಗದದ ಮೇಲೆ ಒಂದು ಎಳೆ ಹಿಂಡಿ ನೋಡಿ. ಸಿಮೆಂಟ್ ಚೀಲ ಗಾಳಿಯ ತೇವಕ್ಕೇ ಕಳೆಗುಂದುತ್ತದೆ. 3 ತಿಂಗಳು ದಾಟಿದ ಚೀಲದಲ್ಲಿ ಬೆರಳಿಗೆ ಒಡೆಯದ ಗಂಟುಗಳಿದ್ದರೆ ಭಾರ ಹೊರುವ ಕೆಲಸಕ್ಕೆ ಅದು ಬೇಡ.

ಪ್ರಶ್ನೆ: ಮನೆ ನೆಲಕ್ಕೆ ಉಳಿಕೆ ಟೈಲ್ಸ್ ಅರ್ಧ ಬೆಲೆಗೆ ಸಿಗುತ್ತಿದೆ. 12 ಚದರ ಮೀಟರ್ ಕೋಣೆಗೆ 9 ಪೆಟ್ಟಿಗೆ ಇದೆ ಎನ್ನುತ್ತಾರೆ. ಸಾಕೇ?

ಉತ್ತರ: 60 × 60 ಸೆಂಟಿಮೀಟರಿನ ನಾಲ್ಕು ಟೈಲ್ಸ್ ಇರುವ ಪೆಟ್ಟಿಗೆಯಾದರೆ ಒಂದರಲ್ಲಿ 1.44 ಚದರ ಮೀಟರ್. 9 ಪೆಟ್ಟಿಗೆಗೆ 12.96. ಕತ್ತರಿಸುವಾಗ, ಒಡೆದಾಗ ಹೋಗುವುದಕ್ಕೆ ಶೇ. 10 ಸೇರಿಸಿದರೆ ನಿಮಗೆ 13.2 ಬೇಕು, ಎಂದರೆ 10 ಪೆಟ್ಟಿಗೆ. ಓರೆಯಾಗಿ ಕೂರಿಸುವುದಾದರೆ ಶೇ. 15 ಸೇರಿಸಬೇಕು. ಉಳಿಕೆ ಮಾಲಿನಲ್ಲಿ ಕಡಿಮೆ ಬಿದ್ದರೆ ಮತ್ತೆ ತರಲು ಆಗುವುದಿಲ್ಲ, ಅದೇ ಅದರ ಬೆಲೆ ಇಳಿದದ್ದಕ್ಕೆ ಕಾರಣ. ಆದ್ದರಿಂದ ಈ 9 ಪೆಟ್ಟಿಗೆ ಈ ಕೋಣೆಗೆ ಬೇಡ, ಚಿಕ್ಕ ಕೋಣೆಗೆ ನೋಡಿ. ಕೊಳ್ಳುವಾಗ ಪ್ರತಿ ಪೆಟ್ಟಿಗೆಯ ಮೇಲಿನ ಶೇಡ್ ನಂಬರ್ ಮತ್ತು ಕ್ಯಾಲಿಬರ್ ನಂಬರ್ ಒಂದೇ ಇರಬೇಕು. ಶೇಡ್ ಬೇರೆಯಾದರೆ ಬಣ್ಣದ ಪಟ್ಟೆ ಬೀಳುತ್ತದೆ, ಕ್ಯಾಲಿಬರ್ ಬೇರೆಯಾದರೆ ಗಾತ್ರ ಮಿಲಿಮೀಟರಿನಷ್ಟು ಹೆಚ್ಚುಕಮ್ಮಿಯಾಗಿ ಸಂದುಗಳು ಕೂಡುವುದಿಲ್ಲ.

ಪ್ರಶ್ನೆ: ಸಣ್ಣ ದೋಷವಿರುವ ಬಟ್ಟೆ ಕೊಂಡರೆ ಸರಿ ಮಾಡಿಸಿಕೊಳ್ಳಬಹುದೇ?

ಉತ್ತರ: ಗುಂಡಿ ಹೋಗಿದ್ದರೆ, ಹೊಲಿಗೆಯ ಉದ್ದಕ್ಕೆ ಬಿಚ್ಚಿದ್ದರೆ, ಉದ್ದ ಹೆಚ್ಚಿದ್ದರೆ ಕಣ್ಣು ಮುಚ್ಚಿ ಕೊಳ್ಳಿ. ಜಿಪ್ ಹೋಗಿದ್ದರೆ ಹೊಸದು ಹಾಕಿಸುವ ಖರ್ಚನ್ನು ಬೆಲೆಗೆ ಸೇರಿಸಿ ಆಮೇಲೆ ತೀರ್ಮಾನಿಸಿ. ಭುಜದ ಅಗಲ ಸರಿಯಿಲ್ಲದಿದ್ದರೆ ಬಿಟ್ಟುಬಿಡಿ, ಅದನ್ನು ಸರಿಪಡಿಸುವುದು ಹೊಸದಾಗಿ ಹೊಲಿದಷ್ಟೇ ಕೆಲಸ. ಕಿಟಕಿಯ ಬಿಸಿಲಿಗೆ ಭುಜದ ಮೇಲೆ, ಮಡಿಕೆಯ ಗೆರೆಯ ಮೇಲೆ ಬಣ್ಣ ಹೋದದ್ದಕ್ಕೆ ಮದ್ದಿಲ್ಲ, ಅಂಗಡಿಯ ದೀಪದಲ್ಲಿ ಅದು ಕಾಣುವುದೂ ಇಲ್ಲ. ಬಾಗಿಲ ಬಳಿ ಹಗಲು ಬೆಳಕಿಗೆ ಹಿಡಿಯಿರಿ. ಉಣ್ಣೆಯದಾದರೆ ಬೆಳಕಿಗೆ ಅಡ್ಡ ಹಿಡಿದು ನುಸಿ ತಿಂದ ಸೂಜಿತೂತು ಹುಡುಕಿ.

ಪ್ರಶ್ನೆ: ಸ್ಟಿಕರಿನಲ್ಲಿ ಒಂದು ಬೆಲೆ, ಬಿಲ್ಲಿನಲ್ಲಿ ಇನ್ನೊಂದು. ಮನೆಗೆ ಬಂದ ಮೇಲೆ ಗೊತ್ತಾಗುತ್ತದೆ.

ಉತ್ತರ: ಸಾಮಾನ್ಯವಾಗಿ ಆಗುವುದು ಇಷ್ಟು. ಇಳಿಸಿದ ಬೆಲೆಯ ಸ್ಟಿಕರಿಗೆ ತನ್ನದೇ ಬಾರ್‌ಕೋಡ್ ಇರುತ್ತದೆ, ಪ್ಯಾಕಿನ ಹಳೆಯ ಬಾರ್‌ಕೋಡ್ ಕೂಡ ಪಕ್ಕದಲ್ಲೇ ಕಾಣುತ್ತಿರುತ್ತದೆ. ಕೌಂಟರಿನ ಗಡಿಬಿಡಿಯಲ್ಲಿ ಹಳೆಯದು ಸ್ಕ್ಯಾನ್ ಆದರೆ ಪೂರ್ತಿ ಬೆಲೆ ಬೀಳುತ್ತದೆ. ಸ್ಟಿಕರ್ ಸಾಮಾನನ್ನೆಲ್ಲ ಬುಟ್ಟಿಯಲ್ಲಿ ಬೇರೆ ಇಟ್ಟು ಮೊದಲು ಅದನ್ನೇ ಕೊಡಿ, ಒಂದೊಂದಕ್ಕೂ ಪರದೆ ನೋಡಿ. ದುಡ್ಡು ಕೊಡುವ ಮೊದಲು ಹೇಳಿದರೆ ಅರ್ಧ ನಿಮಿಷದ ಕೆಲಸ. "ಹಿಂದಿರುಗಿಸುವಂತಿಲ್ಲ" ಎಂಬ ಷರತ್ತು ಇದೆಯೇ ಎಂದೂ ಅಲ್ಲೇ ಕೇಳಿ. ದೋಷವಿದ್ದ ಕಾರಣಕ್ಕೆ ಬೆಲೆ ಇಳಿಸಿದ್ದರೆ ಯಾವ ದೋಷ ಎಂದು ಬಿಲ್ಲಿನ ಮೇಲೆ ಬರೆಸಿ. ಆಗ ಬೇರೆ ದೋಷ ಕಂಡಾಗ ನಿಮ್ಮ ಮಾತಿಗೆ ಆಧಾರ ಇರುತ್ತದೆ.

ಪ್ರಶ್ನೆ: ಎಷ್ಟೇ ಅಗ್ಗಕ್ಕೆ ಕೊಟ್ಟರೂ ಕೊಳ್ಳಲೇಬಾರದ್ದು ಯಾವುದು?

ಉತ್ತರ: ಹೆಲ್ಮೆಟ್, ಅದು ಡಿಸ್‌ಪ್ಲೇಯಲ್ಲಿ ಇದ್ದದ್ದೋ ವಾಪಸು ಬಂದದ್ದೋ ಆಗಿದ್ದರೆ. ಒಳಗಿನ ನೊರೆಪದರ ಒಂದು ಏಟಿಗೆ ಕುಗ್ಗಿದರೆ ಮುಂದಿನ ಏಟನ್ನು ತಡೆಯುವುದಿಲ್ಲ, ಹೊರಗೆ ಗುರುತೂ ಕಾಣುವುದಿಲ್ಲ. ಮಕ್ಕಳ ಕಾರ್ ಸೀಟಿಗೂ ಇದೇ ಮಾತು. ಶಿಶುಗಳ ಹಾಲಿನ ಪುಡಿ, ಡಬ್ಬಿ ಪೂರ್ತಿ ಮುಗಿಯುವ ದಿನ ಅದರ ತಾರೀಖಿಗಿಂತ ಮೊದಲು ಬಾರದಿದ್ದರೆ. ಔಷಧಿ, ಕೊನೆಯ ಗುಳಿಗೆ ನುಂಗುವ ದಿನಕ್ಕೆ ಅವಧಿ ಮುಗಿದಿರುವುದಾದರೆ. ಬ್ಯಾಟರಿ ಉಬ್ಬಿದ ಫೋನು, ಲ್ಯಾಪ್‌ಟಾಪ್, ಪವರ್ ಬ್ಯಾಂಕ್ ಯಾವುದೂ ಬೇಡ. ಅದು ಬೆಂಕಿ ಹೊತ್ತಿಕೊಳ್ಳಬಹುದಾದ ಸಾಮಾನು. ಕಪಾಟಿನಲ್ಲಿ ಕಂಡರೆ ಅಂಗಡಿಯವರಿಗೆ ಹೇಳಿ ತೆಗೆಸಿ.